ಟಿಬಿ ಎಂದ ಮೇಲೆ ಪ್ರೈವೇಟಾ, ಗೌರ್ಮೆಂಟಾ?

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ತಮ್ಮನಿಗೆ 27 ವರ್ಷ. ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಹತ್ತಿರ ನಾಲ್ಕು ಹುಡುಗರ ಜೊತೆ ರೂಮು ಮಾಡಿಕೊಂಡಿದ್ದಾನೆ. ಯುಗಾದಿ ಹೊತ್ತಿಗೆ ಕೆಮ್ಮು ಶುರುವಾಯಿತು. ಮೊದಲು ಮೆಡಿಕಲ್ ಸ್ಟೋರಿನಲ್ಲಿ ಸಿರಪ್ಪು, ಆಮೇಲೆ ಆರ್‌ಎಂಪಿ ಡಾಕ್ಟರ ಹತ್ತಿರ ಇಂಜೆಕ್ಷನ್ನು, ವಾಸಿಯಾಗದೆ ಕೊನೆಗೆ ತುಮಕೂರಿನ ನರ್ಸಿಂಗ್ ಹೋಮಿಗೆ ಹೋದೆವು. ಎಕ್ಸ್‌ರೇ ತೆಗೆದು, ರಕ್ತ ಪರೀಕ್ಷೆ ಮಾಡಿ ಟಿಬಿ ಅಂದರು. ಇಪ್ಪತ್ತು ದಿನದಿಂದ ಮಾತ್ರೆ ನುಂಗುತ್ತಿದ್ದಾನೆ. ಕೆಲಸಕ್ಕೆ ಹೋಗುತ್ತಿಲ್ಲ, ದುಡ್ಡು ಸಾಲುತ್ತಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದರೆ ಮತ್ತೆ ಮೊದಲಿಂದ ಶುರು ಮಾಡುತ್ತಾರಾ? ಅಲ್ಲಿನ ಮಾತ್ರೆಗೆ ಪವರ್ ಕಡಿಮೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಆಶಾ ಮನೆ ಬಾಗಿಲಿಗೆ ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ; ಅವನಿಗೆ ಹೆಣ್ಣು ನೋಡುತ್ತಿದ್ದೇವೆ. ಏನು ಮಾಡಲಿ?

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ಈಗ ನಡೆಯುತ್ತಿರುವ ಮಾತ್ರೆಯನ್ನು ಒಂದು ದಿನಕ್ಕೂ ನಿಲ್ಲಿಸಬೇಡಿ. ಸರ್ಕಾರಿ ಮಾತ್ರೆ ಕೈಗೆ ಬಂದ ಮೇಲೆಯೇ ಹಳೆಯದನ್ನು ಬಿಡುವುದು. "ಸಂಬಳ ಬಂದ ಮೇಲೆ ತಗೊಂಡರಾಯಿತು" ಅಂತ ನಡುವೆ ಹತ್ತು ಹದಿನೈದು ದಿನ ಖಾಲಿ ಬಿಟ್ಟು ಬರುವವರೇ ನಮ್ಮಲ್ಲಿ ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವುದು.

ಎರಡನೆಯ ಮಾತು: ಪ್ರೈವೇಟೋ ಗೌರ್ಮೆಂಟೋ ಅಂತ ಒಂದನ್ನೇ ಆರಿಸಿಕೊಳ್ಳಬೇಕಾದ ಕಟ್ಟುಪಾಡು ನಿಮಗಿಲ್ಲ. ಪ್ರೈವೇಟ್ ಡಾಕ್ಟರ ಮೇಲೆ ನಂಬಿಕೆ ಇದ್ದರೆ ಅವರ ಹತ್ತಿರವೇ ತೋರಿಸಿಕೊಳ್ಳಿ. ಕಫ ಪರೀಕ್ಷೆ ಮತ್ತು ಮಾತ್ರೆ ಮಾತ್ರ ಸರ್ಕಾರದ ಕಡೆಯಿಂದ ಉಚಿತವಾಗಿ ಪಡೆಯಿರಿ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮ ಪ್ರೈವೇಟ್‌ನಲ್ಲಿ ತೋರಿಸಿಕೊಳ್ಳುವವರಿಗೂ ಇದಕ್ಕೆ ಅವಕಾಶ ಕೊಟ್ಟಿದೆ. ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಗೊತ್ತಿರುವ ಕೆಲವು ಡಾಕ್ಟರುಗಳೂ ಹೇಳುವುದಿಲ್ಲ.

ಈಗ ನಿಮ್ಮ ಕಾಗದದಲ್ಲಿ ನನಗೆ ಕಸಿವಿಸಿ ತಂದ ವಿಷಯ. ಅದು ಸರ್ಕಾರ, ಪ್ರೈವೇಟ್ ಪ್ರಶ್ನೆಯೇ ಅಲ್ಲ. ಎಕ್ಸ್‌ರೇ ಬರೆದಿದ್ದೀರಿ, ರಕ್ತ ಬರೆದಿದ್ದೀರಿ, ಕಫ ಎಲ್ಲಿ? ಮೂರು ಕಡೆ ತಿರುಗಿದ್ದೀರಿ. ಮೂರರಲ್ಲಿ ಒಬ್ಬರೂ ಹುಡುಗನ ಕೈಗೆ ಒಂದು ಡಬ್ಬಿ ಕೊಟ್ಟು "ಕಫ ತೆಗೆದುಕೊಂಡು ಬಾ" ಅಂದಂತಿಲ್ಲ.

ಎಕ್ಸ್‌ರೇ ಒಂದರಲ್ಲೇ ಟಿಬಿ ಅಂತ ಖಂಡಿತವಾಗಿ ಹೇಳಲು ಬರುವುದಿಲ್ಲ. ನ್ಯುಮೋನಿಯಾ, ಹಳೆಯ ಕಲೆ, ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಎಲ್ಲವೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಇನ್ನು ರಕ್ತ ಪರೀಕ್ಷೆ. ರಿಪೋರ್ಟಿನಲ್ಲಿ ಏನು ಬರೆದಿದೆ ನೋಡಿ. "ಟಿಬಿ ಐಜಿಜಿ, ಐಜಿಎಂ" ಅಂತಿದ್ದರೆ ಆ ಥರದ ಪರೀಕ್ಷೆಯನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಆ ಕಾಗದಕ್ಕೆ ಬೆಲೆಯಿಲ್ಲ. "ಟಿಬಿ ಗೋಲ್ಡ್" ಅಂತಿದ್ದರೆ ಅದು ಮೈಯೊಳಗೆ ಎಂದಾದರೂ ಟಿಬಿ ಕ್ರಿಮಿ ಹೊಕ್ಕಿದೆಯಾ ಅಂತ ಮಾತ್ರ ಹೇಳುತ್ತದೆ, ಈಗ ಕಾಯಿಲೆ ಇದೆಯಾ ಅಂತ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಕ್ರಿಮಿ ಹೊಕ್ಕಿದ್ದೂ ಜೀವಮಾನವಿಡೀ ಕಾಯಿಲೆ ಬಾರದೆ ಇರುವವರೇ ಬಹಳ ಮಂದಿ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಆ ಪರೀಕ್ಷೆಗಿಂತ ಬಿಟ್ಟಿಯಾಗಿ ಸಿಗುವ ಕಫ ಪರೀಕ್ಷೆ ಈ ವಿಷಯದಲ್ಲಿ ನೂರು ಪಾಲು ಮೇಲು.

ಹಾಗಂತ ನಿಮ್ಮ ಡಾಕ್ಟರು ತಪ್ಪು ಮಾಡಿದರು ಅಂತ ನಾನು ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಕಫದಲ್ಲಿ ಸಿಗದೆ ಇದ್ದಾಗಲೂ ಎಕ್ಸ್‌ರೇ, ಲಕ್ಷಣ ನೋಡಿ ಚಿಕಿತ್ಸೆ ಶುರು ಮಾಡುವುದು ಸರಿಯಾದ ಕ್ರಮವೇ. ಆದರೆ ಕಫ ನೋಡಿ ಸಿಗಲಿಲ್ಲ ಅನ್ನುವುದು ಬೇರೆ, ನೋಡಲೇ ಇಲ್ಲ ಅನ್ನುವುದು ಬೇರೆ. ಇಪ್ಪತ್ತು ದಿನ ಮಾತ್ರೆ ತಿಂದಿದ್ದರೂ ಈಗಲೇ ಕಫ ಕೊಡಿ. ಕೇಳಬೇಕಾದ ಪರೀಕ್ಷೆಯ ಹೆಸರು ಸಿಬಿನಾಟ್ ಅಥವಾ ಟ್ರೂನಾಟ್. ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದಕ್ಕಿಂತ ಇದು ಸೂಕ್ಷ್ಮ. ಕ್ರಿಮಿ ಇದೆಯಾ ಅನ್ನುವುದರ ಜೊತೆಗೆ ರಿಫಾಂಪಿಸಿನ್ ಅನ್ನುವ ಮುಖ್ಯ ಔಷಧಕ್ಕೆ ಅದು ಬಗ್ಗುತ್ತದೆಯಾ ಇಲ್ಲವಾ ಅನ್ನುವುದನ್ನೂ ಕೆಲವೇ ಗಂಟೆಯಲ್ಲಿ ತಿಳಿಸುತ್ತದೆ. ಬಗ್ಗದ ಕ್ರಿಮಿಯಾಗಿದ್ದರೆ ಈಗ ತಿನ್ನುತ್ತಿರುವ ಮಾತ್ರೆ ಆರು ತಿಂಗಳು ತಿಂದರೂ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇರೆಯದೇ ಔಷಧಿಗಳಿವೆ, ಅವೂ ಸರ್ಕಾರದಲ್ಲಿ ಉಚಿತ.

ಕಫ ಕೊಡುವುದು ಹೇಗೆ ಅಂತ ಯಾರೂ ನೆಟ್ಟಗೆ ಹೇಳಿಕೊಡುವುದಿಲ್ಲ, ಆಮೇಲೆ "ನೆಗೆಟಿವ್ ಬಂತು" ಅಂತ ಸಮಾಧಾನಪಟ್ಟುಕೊಳ್ಳುತ್ತೇವೆ. ಲ್ಯಾಬಿನ ಮೇಜಿನ ಮೇಲೆ ಸಾಲಾಗಿಟ್ಟ ಡಬ್ಬಿಗಳಲ್ಲಿ ಎಷ್ಟೋ ಸಲ ಇರುವುದು ನೀರಿನಂಥ ಉಗುಳು. ಬೆಳಿಗ್ಗೆ ಎದ್ದ ತಕ್ಷಣ, ಕಾಫಿ ಕುಡಿಯುವುದಕ್ಕೂ ಮುಂಚೆ, ಬಾಯಿಯನ್ನು ಬರೀ ನೀರಿನಲ್ಲಿ ಮುಕ್ಕಳಿಸಿ ಉಗಿಯಬೇಕು. ಮನೆಯೊಳಗಲ್ಲ, ಹಿತ್ತಲಲ್ಲೋ ಬಯಲಲ್ಲೋ, ಪಕ್ಕದಲ್ಲಿ ಯಾರೂ ಇಲ್ಲದ ಕಡೆ ನಿಲ್ಲಬೇಕು. ಎರಡು ಮೂರು ಸಲ ಎದೆ ತುಂಬ ಉಸಿರೆಳೆದು ಬಿಟ್ಟು, ಕೊನೆಯ ಉಸಿರಿನ ಜೊತೆ ಆಳದಿಂದ ಕೆಮ್ಮಿ, ಬಂದದ್ದನ್ನು ನೇರ ಡಬ್ಬಿಗೆ ಬಿಡಬೇಕು. ಗಂಟಲು ಕ್ಯಾಕರಿಸಿ ತೆಗೆದದ್ದು ಬೇಡ, ಎದೆಯಿಂದ ಬಂದದ್ದು ಬೇಕು. ಗಟ್ಟಿಯಾಗಿ, ಹಳದಿಯಾಗಿ ಅರ್ಧ ಚಮಚದಷ್ಟಿದ್ದರೂ ಸಾಕು. ಮುಚ್ಚಳ ಬಿಗಿ ಮಾಡಿ, ಹೆಸರು ಬರೆದಿದೆಯಾ ನೋಡಿ, ಅವತ್ತೇ ತಲುಪಿಸಿ.

ನೀವು ಬರೆದಿರುವ ದಾರಿ, ಅಂದರೆ ಮೆಡಿಕಲ್ ಸ್ಟೋರು, ಆರ್‌ಎಂಪಿ, ನರ್ಸಿಂಗ್ ಹೋಮು, ಇದೇನೂ ಹೊಸದಲ್ಲ. ನಮ್ಮ ಜಿಲ್ಲೆಗಂತೂ ಇದರಲ್ಲಿ ಒಂದು ಹಳೆಯ ಲೆಕ್ಕವೇ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದ ಹೊಸತರಲ್ಲಿ ಅವರು ಅಧ್ಯಯನಕ್ಕೆ ಬಂದದ್ದು ಇದೇ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ, ಪಟ್ಟಣಗಳಿಗೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನುವವರು 1963ರಲ್ಲಿ ಅದನ್ನು ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಮನೆಯಲ್ಲೇ ಕೂತಿರುತ್ತಾರೆ ಅನ್ನುವುದು ಆಗಿನ ದೊಡ್ಡವರ ನಂಬಿಕೆ. ಕಂಡದ್ದು ಬೇರೆ. ಬಹುತೇಕ ಎಲ್ಲ ರೋಗಿಗಳಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಅರವತ್ತು ವರ್ಷ ಕಳೆದಿವೆ. ಬಾಟಲಿಯ ಜಾಗಕ್ಕೆ ಇಂಜೆಕ್ಷನ್ನು, ಲಿವೋಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಬಂದಿವೆ. ಅದಕ್ಕೇ "ರೋಗಿಗಳು ತಡ ಮಾಡಿ ಬರುತ್ತಾರೆ" ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ನಿಮ್ಮ ತಮ್ಮ ತಡ ಮಾಡಲಿಲ್ಲ. ಕೆಮ್ಮು ಬಂದ ಹೊಸದರಲ್ಲೇ ಹೊರಟವನು ಬಾಗಿಲಿಂದ ಬಾಗಿಲಿಗೆ ಅಲೆದ.

ಆ ಇಂಜೆಕ್ಷನ್, ಮಾತ್ರೆಯ ಹೆಸರು ಸಿಕ್ಕರೆ ಬರೆದಿಟ್ಟುಕೊಳ್ಳಿ. ಕಾರಣ ಇದೆ. ಲಿವೋಫ್ಲಾಕ್ಸಸಿನ್ ಥರದ ಔಷಧಗಳು ಟಿಬಿ ಕ್ರಿಮಿಯನ್ನೂ ಸ್ವಲ್ಪ ಅದುಮುತ್ತವೆ, ಒಂಟಿಯಾಗಿ ಪೂರ್ತಿ ಕೊಲ್ಲುವುದಿಲ್ಲ. ವಾರದ ಮಟ್ಟಿಗೆ ಜ್ವರ ಇಳಿದು ಹಗುರ ಅನ್ನಿಸುತ್ತದೆ, ಕಫದಲ್ಲಿ ಕ್ರಿಮಿ ಕಾಣದೆ ಹೋಗಬಹುದು, ಒಂದು ತಿಂಗಳ ಮೇಲೆ ಮತ್ತೆ ತಲೆ ಎತ್ತುತ್ತದೆ. ಇಂಜೆಕ್ಷನ್ನಿನಲ್ಲಿ ಸ್ಟೆರಾಯ್ಡ್ ಸೇರಿದ್ದರೆ ಎರಡು ದಿನ ಹಸಿವು, ಹುರುಪು ಎಲ್ಲ ಬಂದು "ಕೈಗುಣ ಇರೋ ಡಾಕ್ಟ್ರು" ಅನ್ನಿಸಿಕೊಳ್ಳುತ್ತಾರೆ. ಒಳಗೆ ಕಾಯಿಲೆಗೆ ದಾರಿ ಸಲೀಸಾಗಿರುತ್ತದೆ.

ಮಾತ್ರೆಯ ಪವರ್ ವಿಚಾರಕ್ಕೆ ಬರೋಣ. ನಿಮ್ಮ ನೆಂಟರ ಮಾತಿಗೆ ಒಂದು ಬೇರು ಇದೆ, ತಳ್ಳಿಹಾಕುವುದಿಲ್ಲ. 2017ರವರೆಗೆ ಸರ್ಕಾರದಲ್ಲಿ ವಾರಕ್ಕೆ ಮೂರು ದಿನ ಮಾತ್ರ ಮಾತ್ರೆ ಕೊಡುತ್ತಿದ್ದರು, ಪ್ರೈವೇಟಿನಲ್ಲಿ ದಿನಾ ಬರೆಯುತ್ತಿದ್ದರು. ಗೌರ್ಮೆಂಟ್ ಚಿಕಿತ್ಸೆ ಅರೆಬರೆ ಅನ್ನುವ ಮಾತು ಹುಟ್ಟುವುದಕ್ಕೆ ಅದೂ ಒಂದು ಕಾರಣ, ಎಷ್ಟೋ ಡಾಕ್ಟರುಗಳೇ ಅದನ್ನು ಆಡಿದ್ದಾರೆ. ಈಗ ಅದು ಮುಗಿದ ಕಥೆ. ದೇಶವಿಡೀ ದಿನಾ ಮಾತ್ರೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ನಾಲ್ಕನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ್ದನ್ನು ಎರಡು ತಿಂಗಳು, ಆಮೇಲೆ ಪೈರಜಿನಮೈಡ್ ಬಿಟ್ಟು ಮೂರು ಸೇರಿದ್ದನ್ನು ನಾಲ್ಕು ತಿಂಗಳು. ಪ್ರೈವೇಟಿನಲ್ಲಿ ಬರೆಯಬೇಕಾದದ್ದೂ ಇವೇ ಔಷಧಗಳು. ಡಬ್ಬಿ ಬೇರೆ, ಬಿಲ್ಲು ಬೇರೆ.

ವ್ಯತ್ಯಾಸ ಹುಡುಕಬೇಕಾದದ್ದು ತೂಕದಲ್ಲಿ. ದೊಡ್ಡವರಲ್ಲಿ 35ರಿಂದ 49 ಕೆಜಿ ಇದ್ದವರಿಗೆ ದಿನಕ್ಕೆ ಮೂರು ಮಾತ್ರೆ, 50ರಿಂದ 64 ಕೆಜಿಗೆ ನಾಲ್ಕು, 65ರಿಂದ 75 ಕೆಜಿಗೆ ಐದು, ಹೀಗೆ ಕಾರ್ಯಕ್ರಮದಲ್ಲಿ ನಿಗದಿಯಾಗಿದೆ. ಪ್ರೈವೇಟಿನ ಚೀಟಿಗಳಲ್ಲಿ ತೂಕವನ್ನೇ ಬರೆಯದೆ ಎಲ್ಲರಿಗೂ ಒಂದೇ ಅಳತೆ ಕೊಟ್ಟದ್ದನ್ನು ನಾನು ನೋಡಿದ್ದೇನೆ. ನಿಮ್ಮ ತಮ್ಮನನ್ನು ಒಮ್ಮೆ ತೂಕ ಮಾಡಿಸಿ, ಚೀಟಿಯ ಜೊತೆ ತೋರಿಸಿ ಕೇಳಿ.

ಮತ್ತೆ ಮೊದಲಿಂದ ಶುರು ಮಾಡುತ್ತಾರಾ? ಇಪ್ಪತ್ತು ದಿನ ಸರಿಯಾದ ಔಷಧ, ಸರಿಯಾದ ಅಳತೆಯಲ್ಲಿ, ಬಿಡದೆ ತಿಂದಿದ್ದಾನೆ ಅನ್ನುವುದಕ್ಕೆ ಚೀಟಿ, ಬಿಲ್ಲು ಇದ್ದರೆ ಸಾಮಾನ್ಯವಾಗಿ ಅಲ್ಲಿಂದಲೇ ಮುಂದುವರಿಸುತ್ತಾರೆ. ಅಳತೆ ಕಡಿಮೆಯಿದ್ದರೆ, ನಡುವೆ ಬಿಟ್ಟಿದ್ದರೆ, ಕಫದಲ್ಲಿ ಬೇರೇನಾದರೂ ಬಂದರೆ ಅಲ್ಲಿನ ವೈದ್ಯಾಧಿಕಾರಿ ನೋಡಿ ತೀರ್ಮಾನಿಸುತ್ತಾರೆ. ಅದಕ್ಕೇ ಕಾಗದ ಮುಖ್ಯ. ಬಟ್ಟೆ ಅಂಗಡಿಯ ಕವರಿನಲ್ಲಿ ಎಕ್ಸ್‌ರೇ ಸುತ್ತಿಟ್ಟು ತರುವವರಲ್ಲಿ ಅರ್ಧ ಜನ ಮೆಡಿಕಲ್ ಬಿಲ್ಲನ್ನು ಬಿಸಾಕಿರುತ್ತಾರೆ. ಎಷ್ಟು ದಿನದ ಮಾತ್ರೆ ಕೊಂಡಿದ್ದೀರಿ ಅಂತ ಹೇಳುವುದು ಅದೇ ಬಿಲ್ಲು.

ಇನ್ನು ಓಡಾಟ. ನರ್ಸಿಂಗ್ ಹೋಮಿನಲ್ಲಿ ಮೊದಲು ಕೇಳಿ: "ನಿಕ್ಷಯ್‌ನಲ್ಲಿ ಎಂಟ್ರಿ ಮಾಡಿದ್ದೀರಾ? ಐಡಿ ನಂಬರ್ ಕೊಡಿ." ನಿಕ್ಷಯ್ ಅಂದರೆ ಟಿಬಿ ರೋಗಿಗಳ ಹೆಸರು ದಾಖಲಿಸುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ. ಕೇಳುವುದಕ್ಕೆ ಸಂಕೋಚ ಬೇಡ. 2012ರ ಮೇ ತಿಂಗಳಿಂದ ಟಿಬಿ ವರದಿ ಮಾಡಲೇಬೇಕಾದ ಕಾಯಿಲೆ. ವರದಿ ಮಾಡದ ಆಸ್ಪತ್ರೆ, ಲ್ಯಾಬು, ಔಷಧಿ ಅಂಗಡಿಯವರ ಮೇಲೆ ಕ್ರಮಕ್ಕೂ ಅವಕಾಶ ಇದೆ ಅಂತ 2018ರ ಅಧಿಸೂಚನೆ ಹೇಳಿದೆ. ವರದಿ ಮಾಡಿದ ಪ್ರೈವೇಟ್ ವೈದ್ಯರಿಗೆ ಸರ್ಕಾರ 500 ರೂಪಾಯಿ, ಚಿಕಿತ್ಸೆ ಮುಗಿದ ಫಲಿತಾಂಶ ತಿಳಿಸಿದಾಗ ಮತ್ತೆ 500 ರೂಪಾಯಿ ಕೊಡುವ ವ್ಯವಸ್ಥೆಯೂ ಇದೆ. ಅಂದರೆ ಅವರಿಗೆ ನಷ್ಟದ ಬಾಬತ್ತೇನಲ್ಲ. ರೋಗಿ ಕೈತಪ್ಪುತ್ತಾನೆ ಅನ್ನುವ ಅಳುಕು ಕೆಲವರಿಗಿರುತ್ತದೆ. ಫಾಲೋಅಪ್‌ಗೆ ನಿಮ್ಮ ಹತ್ತಿರವೇ ಬರುತ್ತೇವೆ ಅಂದರೆ ಅದೂ ಹೋಗುತ್ತದೆ.

ಐಡಿ ಒಂದು ಸಿಕ್ಕರೆ ಅದು ದೇಶದ ಎಲ್ಲಿ ಹೋದರೂ ನಡೆಯುತ್ತದೆ. ಊರಲ್ಲಿದ್ದರೆ ನಿಮ್ಮ ಪಿಎಚ್‌ಸಿಯಲ್ಲೋ ಮಧುಗಿರಿ ತಾಲ್ಲೂಕು ಆಸ್ಪತ್ರೆಯಲ್ಲೋ ಮಾತ್ರೆ ತೆಗೆದುಕೊಳ್ಳಬಹುದು. ಮೈ ಸುಧಾರಿಸಿ ಕೆಲಸಕ್ಕೆ ವಾಪಸ್ ಹೋದ ಮೇಲೆ ವಸಂತನರಸಾಪುರದ ಹತ್ತಿರದ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಜನ ಹೆಚ್ಚಾಗಿ ಎಡವುವುದು ಇಲ್ಲೇ. ರೂಮಿಗೆ ಹೋದವರು "ಮುಂದಿನ ಸಲ ಊರಿಗೆ ಬಂದಾಗ ತಗೋತೀನಿ" ಅಂತ ಬಿಟ್ಟು, ಹಬ್ಬಕ್ಕೆ ಬರುವಷ್ಟರಲ್ಲಿ ಮೂರು ವಾರ ಕಳೆದಿರುತ್ತದೆ. ತಾಲ್ಲೂಕಿನಲ್ಲಿ ಟಿಬಿಗೆಂದೇ ಎಸ್‌ಟಿಎಸ್ ಅನ್ನುವ ಮೇಲ್ವಿಚಾರಕರು ಇರುತ್ತಾರೆ. ಅವರ ನಂಬರ್ ಕೇಳಿ ಫೋನಿನಲ್ಲಿ ಇಟ್ಟುಕೊಳ್ಳಿ. ಹೊರಡುವ ಮುಂಚೆ ಒಂದು ಫೋನು ಮಾಡಿದರೆ ವರ್ಗದ ಕೆಲಸ ಆಗುತ್ತದೆ. ಯಾರೂ ಸಿಗದಿದ್ದರೆ 1800-11-6666, ಅದು ಕಾರ್ಯಕ್ರಮದ ಉಚಿತ ಸಹಾಯವಾಣಿ.

ಸರ್ಕಾರಿ ಕಡೆ ಎಲ್ಲ ಚೆನ್ನಾಗಿದೆ ಅಂತ ಹೇಳಿ ನಿಮ್ಮನ್ನು ಕಳಿಸುವುದಿಲ್ಲ. 2024ರ ಮೊದಲ ತಿಂಗಳುಗಳಲ್ಲಿ ಹಲವು ರಾಜ್ಯಗಳಲ್ಲಿ ಈ ಮಾತ್ರೆಗಳಿಗೇ ತತ್ವಾರ ಬಂದು, ಸ್ಥಳೀಯವಾಗಿ ಕೊಂಡುಕೊಳ್ಳಿ ಅಂತ ಕೇಂದ್ರವೇ ರಾಜ್ಯಗಳಿಗೆ ಬರೆಯಬೇಕಾಯಿತು. ಕೈಯಲ್ಲಿ ಒಂದು ವಾರದ ಮಾತ್ರೆ ಇರುವಾಗಲೇ ಮುಂದಿನದಕ್ಕೆ ಹೋಗಿ, ಖಾಲಿ ಮಾಡಿಕೊಂಡು ಹೋಗಬೇಡಿ. ಸಾಯಂಕಾಲ ಯಾರೂ ಇರುವುದಿಲ್ಲ, ಮಧ್ಯಾಹ್ನದೊಳಗೆ ಹೋಗಿ. ಒರಟು ಮಾತು ಕೇಳಬೇಕಾಗಬಹುದು. ಪ್ರೈವೇಟಿನಲ್ಲಿ ಕೂರಿಸಿ ಮಾತಾಡಿಸುತ್ತಾರೆ, ಅದಕ್ಕೇ ಜನ ಸಾಲ ಮಾಡಿಯಾದರೂ ಅಲ್ಲಿಗೆ ಹೋಗುತ್ತಾರೆ. ಅದು ತಪ್ಪು ಅಂತ ನಾನು ಹೇಳಲಾರೆ. ಆದರೆ ಆರು ತಿಂಗಳು ನಡೆಸಬೇಕಾದ ಚಿಕಿತ್ಸೆಯನ್ನು ಮೂರನೇ ತಿಂಗಳಿಗೆ ಕೈಬಿಡುವಂತೆ ಮಾಡುವುದೂ ಅದೇ ಖರ್ಚು. ಅಷ್ಟು ಹೊತ್ತಿಗೆ ಕೆಮ್ಮು ನಿಂತಿರುತ್ತದೆ, ತೂಕ ಬಂದಿರುತ್ತದೆ, ಮಾತ್ರೆಗೆ ಕೊಡುವ ದುಡ್ಡು ದಂಡ ಅನ್ನಿಸುತ್ತದೆ. ಪ್ರೈವೇಟಿನಲ್ಲಿ ಬಿಟ್ಟುಹೋದವನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಸರ್ಕಾರದಲ್ಲಿ ಬರುತ್ತಾರೆ. ನೀವು ಹೆದರುತ್ತಿರುವ ಆ ಆಶಾ ಭೇಟಿಯೇ ಈ ವ್ಯವಸ್ಥೆಯ ಗಟ್ಟಿ ಭಾಗ.

ದುಡ್ಡಿನ ವಿಷಯದಲ್ಲಿ ಎರಡು ಮಾತು. ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆ ನಡೆಯುವಷ್ಟು ತಿಂಗಳು ಪೌಷ್ಟಿಕ ಆಹಾರಕ್ಕೆಂದು ಹಣ ಬರುತ್ತದೆ. 2018ರಲ್ಲಿ ಶುರುವಾದಾಗ ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1000 ರೂಪಾಯಿ. ಆರು ತಿಂಗಳ ಚಿಕಿತ್ಸೆಗೆ 3000ದಂತೆ ಎರಡು ಕಂತು: ಮೊದಲನೆಯದು ಆರಂಭದಲ್ಲಿ, ಎರಡನೆಯದು 84 ದಿನ ಆದ ಮೇಲೆ. ಪ್ರೈವೇಟಿನಲ್ಲಿ ತೋರಿಸಿಕೊಳ್ಳುವವರಿಗೂ ಉಂಟು, ನಿಕ್ಷಯ್‌ನಲ್ಲಿ ಹೆಸರಿರಬೇಕು ಅಷ್ಟೆ. ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ತೆಗೆದುಕೊಂಡು ಹೋಗಿ. ಆ ದುಡ್ಡಿಗೆ ಟಾನಿಕ್ಕು, ಪ್ರೋಟೀನ್ ಪುಡಿಯ ಡಬ್ಬ ಕೊಳ್ಳಬೇಡಿ. ಮೊಟ್ಟೆ, ಕಡ್ಲೆಬೀಜ, ಹುರುಳಿ ಬಸ್ಸಾರು, ಮುದ್ದೆ, ಹಾಲು. ನಮ್ಮ ಕಡೆಯ ಊಟಕ್ಕೆ ಏನೂ ಕಮ್ಮಿಯಿಲ್ಲ, ಹೊಟ್ಟೆ ತುಂಬ ಹಾಕಿ.

ಇನ್ನೊಂದು ಬಾಗಿಲಿದೆ, ಅದನ್ನು ನೀವು ಕೇಳಲೇ ಇಲ್ಲ. ಕಾರ್ಖಾನೆ ಕೆಲಸ ಅಂದಿರಿ; ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಂತ 0.75 ಶೇಕಡಾ ಹಿಡಿಯುತ್ತಾರಾ ನೋಡಿ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೂ ಇರುತ್ತದೆ, ಹುಡುಗರಿಗೆ ಗೊತ್ತಿರುವುದಿಲ್ಲ. ಇದ್ದರೆ ಕಾಯಿಲೆ ರಜೆಯ ದಿನಗಳಿಗೆ ಕೂಲಿಯ 70 ಶೇಕಡಾದಂತೆ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಎರಡು ವರ್ಷ ಬಿಡದೆ ಕೆಲಸದಲ್ಲಿದ್ದು ನಿಗದಿಯಷ್ಟು ದಿನ ವಂತಿಗೆ ಕಟ್ಟಿದ್ದರೆ, ಟಿಬಿಯಂಥ ದೀರ್ಘ ಕಾಯಿಲೆಗಳಿಗೆ ಅದು 80 ಶೇಕಡಾಕ್ಕೆ ಏರಿ ಇನ್ನೂ ಹೆಚ್ಚು ಕಾಲ ನಡೆಯುತ್ತದೆ. ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಆದ್ದರಿಂದ ಕೆಲಸ ಬಿಟ್ಟೆ ಅಂತ ಬರೆದುಕೊಟ್ಟುಬಿಡಬೇಡಿ, ರಜೆ ಅಂತಲೇ ಇರಲಿ.

ಊರಿಗೆ ಗೊತ್ತಾಗುವ ಭಯಕ್ಕೆ ನೀವು ಹೆದರುವುದರಲ್ಲಿ ತಪ್ಪೇನಿಲ್ಲ. ಹೆಸರು ನೋಂದಾಯಿಸುವಾಗಲೇ ಎಸ್‌ಟಿಎಸ್‌ಗೆ, ಆಶಾಗೆ ನೇರವಾಗಿ ಹೇಳಿ: ಮನೆಗೆ ಬರಬೇಡಿ, ಫೋನ್ ಮಾಡಿ, ನಾವೇ ಪಿಎಚ್‌ಸಿಗೆ ಬರುತ್ತೇವೆ. ಒಪ್ಪುತ್ತಾರೆ. ರೋಗಿಯ ವಿಷಯ ಹೊರಗೆ ಬಿಡಬಾರದು ಅನ್ನುವುದು ಅವರಿಗೂ ಗೊತ್ತಿರುವ ನಿಯಮ. ಆಶಾ ನಿಮ್ಮ ಬೀದಿಯವರೇ ಆಗಿದ್ದು ನಂಬಿಕೆ ಬಾರದಿದ್ದರೆ ಬೇರೆ ಕೇಂದ್ರದಲ್ಲಿ ಮಾತ್ರೆ ತೆಗೆದುಕೊಳ್ಳಲು ಕೇಳಿ. ಹೆಣ್ಣು ನೋಡುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿ ಅನ್ನುವುದು ನನ್ನ ಸ್ವಂತ ಸಲಹೆ. ಔಷಧಕ್ಕೆ ಬಗ್ಗುವ ಟಿಬಿಯಲ್ಲಿ ಸರಿಯಾದ ಮಾತ್ರೆ ಎರಡು ವಾರ ಆಗುವಷ್ಟರಲ್ಲಿ ಹರಡುವ ಸಾಧ್ಯತೆ ಬಹಳ ಇಳಿದಿರುತ್ತದೆ. ಪೂರ್ತಿ ವಾಸಿಯಾದವನ ಮದುವೆಗೆ, ಮಕ್ಕಳಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಮದುವೆಯ ಗಡಿಬಿಡಿಯಲ್ಲಿ, ಹೊಸ ಹೆಂಡತಿಗೆ ಕಾಣದಂತೆ ಮಾತ್ರೆ ನುಂಗಬೇಕಾದವನು ಮಾತ್ರೆ ಬಿಡುತ್ತಾನೆ. ಕೋರ್ಸು ಮುಗಿಯಲಿ, ಆಮೇಲೆ ಹೆಣ್ಣಿನ ಕಡೆಯವರಿಗೆ ಹೇಳಿಯೇ ಮಾಡಿ.

ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಹೆದರಬೇಡಿ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಕುಡಿಯುವ ಅಭ್ಯಾಸ ಇದ್ದರೆ ಈಗ ಬಿಡಲೇಬೇಕು, ಲಿವರ್ ತಡೆಯುವುದಿಲ್ಲ. ಸಕ್ಕರೆ ಕಾಯಿಲೆಗೆ, ಎಚ್‌ಐವಿಗೆ ರಕ್ತ ನೋಡುತ್ತಾರೆ; ಟಿಬಿ ಇರುವ ಎಲ್ಲರಿಗೂ ನೋಡುತ್ತಾರೆ, ಅನುಮಾನದಿಂದಲ್ಲ.

ಕೊನೆಗೆ ಆ ನಾಲ್ಕು ಹುಡುಗರು. ಯುಗಾದಿಯಿಂದ ಒಂದೇ ರೂಮಿನಲ್ಲಿ, ಬಹುಶಃ ಕಿಟಕಿ ಮುಚ್ಚಿಕೊಂಡು ಮಲಗಿದ್ದವರು. ನಿಮ್ಮ ಮನೆಯವರಂತೆಯೇ ಅವರನ್ನೂ ನೋಡಬೇಕು. ಎಕ್ಸ್‌ರೇ ಆಗಲಿ, ಯಾರಿಗಾದರೂ ಕೆಮ್ಮು, ಸಂಜೆ ಜ್ವರ ಇದ್ದರೆ ಕಫವೂ ಆಗಲಿ. ಕಾಯಿಲೆ ಇಲ್ಲ ಅಂತ ಖಚಿತವಾದರೆ ಮುಂದೆ ಬಾರದಂತೆ ತಡೆಯುವ ಮಾತ್ರೆ ಇದೆ: ವಾರಕ್ಕೊಮ್ಮೆಯಂತೆ ಹನ್ನೆರಡು ವಾರದ್ದು, ಅಥವಾ ದಿನಾ ಒಂದರಂತೆ ಆರು ತಿಂಗಳದ್ದು. ಯಾವುದು ಅನ್ನುವುದನ್ನು ವೈದ್ಯರು ಹೇಳುತ್ತಾರೆ, ದುಡ್ಡು ಬೇಡ. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಅದನ್ನು ಎಲ್ಲರಿಗಿಂತ ಮೊದಲು ತೋರಿಸಿ. ರೂಮಿನ ಹುಡುಗರಿಗೆ ನಿಮ್ಮ ತಮ್ಮ ತಾನಾಗಿ ಹೇಳುವುದಿಲ್ಲ, ನಾಚಿಕೊಳ್ಳುತ್ತಾನೆ. ನೀವೇ ಫೋನ್ ಮಾಡಿ.